ರೇಡಿಯೇಟರಿಗೆ ಮೆತ್ತಿದ ಭತ್ತದ ಹೊಟ್ಟು

ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗಳನ್ನೂ ಕೂಸನ್ನೂ ಕೊಪ್ಪಳದ ದವಾಖಾನೆಯಿಂದ ಶ್ರೀರಾಮನಗರಕ್ಕೆ ಕರೆತರುತ್ತಿದ್ದೆವು. ಹಳೆಯ ಕಾರು ನಮ್ಮ ಯಜಮಾನರದು. ಅವರು ತೀರಿಹೋದ ಮೇಲೆ ಮಗ ಓಡಿಸುತ್ತಿದ್ದ.

ಅರ್ಧ ದಾರಿಯಲ್ಲಿ ಎಂಜಿನ್ ಕಾದು ಹಬೆ ಎದ್ದಿತು. ಕೂಸು ಸೆಕೆಗೆ ಅಳತೊಡಗಿತು. ಮಗ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಟಬ್ಯಾಡೋ, ಕುದಿಯೋ ನೀರು ಮಾರಿಗೆ ಹಾರ್ತೈತಿ. ಆರ್ಲಿ ತಡಿ," ಎಂದೆ.

"ನೀ ಯಾವಾಗ ಮಿಸ್ತ್ರಿ ಆದಿ ಬೇ?"

"ನಿಮ್ಮಪ್ಪನ ಕೂಡ ಸಂಸಾರ ಮಾಡೀನಲ್ಲ."

ಕೂಸನ್ನು ಬೇವಿನ ನೆರಳಿಗೆ ಒಯ್ದೆವು. ಆರಿದ ಮೇಲೆ ನೋಡಿದರೆ ನೀರೇನೋ ಸಾಕಷ್ಟಿತ್ತು. ರೇಡಿಯೇಟರಿನ ಜಾಲರಿಗೆ ಭತ್ತದ ಹೊಟ್ಟು ಮೆತ್ತಿ ಗಾಳಿಯೇ ಆಡುತ್ತಿರಲಿಲ್ಲ. ಯಜಮಾನರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು, ಕಾರನ್ನು ಹೊಟ್ಟಿನ ರಾಶಿಯ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ವಾರವಾರ ತಾವೇ ಬ್ರಷ್ ಹಿಡಿದು ಜಾಲರಿ ತೊಳೆಯುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಅದು ಯಾರಿಗೂ ನೆನಪಾಗಿರಲಿಲ್ಲ.

ಮಗ ಕೆದರಿದಂತೆ ಹೊಟ್ಟು ನನ್ನ ಪಾದದ ಮೇಲೆ ಉದುರಿತು. ಸಂಜೆ ಅವರು ಅಂಗಿ ಕೊಡವಿದರೆ ಹೀಗೇ ಉದುರುತ್ತಿತ್ತು.

"ನಡಿ ಬೇ, ಬಿಸಿಲು ಏರಾಕತ್ತೈತಿ," ಎಂದ ಮಗ.

ಎಂಜಿನ್ ಮತ್ತೆ ಬಿಸಿಯಾಗಲಿಲ್ಲ. ಊರು ಬರುವವರೆಗೂ ಮೊಮ್ಮಗಳ ಮುಖ ನೋಡಿ ನಗುತ್ತಲೇ ಇದ್ದೆ. ಆ ಮುಖವನ್ನು ಅವರಿಗೊಮ್ಮೆ ತೋರಿಸಲಾಗಲಿಲ್ಲವಲ್ಲ ಎಂದು ಕಣ್ಣೀರು ಸುರಿಯುತ್ತಲೇ ಇತ್ತು.