ಸಿದ್ದವ್ವನ ಕಾಲಿಗೊಂದು ಮಣೆ

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಸಿದ್ದವ್ವ ನೇಯುವ ಮಗ್ಗದ ಕುಣಿಯನ್ನು ತೋಡಿಸಿದವರು ಆಕೆಯ ಮಾವ. ನೆಲದ ಅಂಚಿಗೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಮಾವ ಆರಡಿ ಆಳು, ಅಳತೆ ಅವರ ಕಾಲಿನದು. ಅವರ ನಂತರ ಕೂತ ಮಗ, ಸಿದ್ದವ್ವನ ಗಂಡ, ಅವನೂ ಎತ್ತರದವನೇ. ೧೯೫೫ರಲ್ಲಿ ಅವನು ತೀರಿಕೊಂಡ ಮೇಲೆ ಸಿದ್ದವ್ವ ಕೂತಳು. ಆಕೆ ನನ್ನ ಭುಜಕ್ಕೆ ಬರುತ್ತಾಳೆ.

ವರ್ಷದೊಳಗೆ ಕಾಲು ಬಾತವು, ಸೊಂಟ ಹಿಡಿಯಿತು, ನೇಯ್ಗೆ ಅರ್ಧಕ್ಕಿಳಿಯಿತು. ಅತ್ತೆ ಹುಚ್ಚವ್ವ ಕೆಟ್ಟವರಲ್ಲ, ಸುಮ್ಮನಿರುವವರೂ ಅಲ್ಲ.

"ಶೀಗಿ ಹುಣ್ಣಿವಿತನಕಾ ನೋಡ್ತೀನಿ. ಆಗಲಿಲ್ಲಂದ್ರ ಮಗ್ಗಕ್ಕ ನನ್ನ ಸಣ್ಣ ಮಗಾ ಶಿವನಪ್ಪ ಕೂಡ್ತಾನ. ನೀ ನೂಲು ಸುತ್ತಕೋಂತ ಇರು."

ರೋಣದ ಡಾಕ್ಟರೊಬ್ಬರು "ಕಾಲು ಮ್ಯಾಲ ಇಡಬೇಕು" ಎಂದರು. ಅಂದಿನಿಂದ ಆಕೆ ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಬಂದವು. ಬೆಳಿಗ್ಗೆ ಎದ್ದು ಅದೇ ಕಾಲನ್ನು ಕುಣಿಗೆ ಇಳಿಸುತ್ತಿದ್ದಳು. ಗುಣವಾಗಲಿಲ್ಲ. ಡಾಕ್ಟರ ಕೈಗುಣ ಚಲೋ ಇಲ್ಲ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಒಂದು ಮಧ್ಯಾಹ್ನ ನನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಗ್ಗದ ಪಕ್ಕ ಕೂತಿದ್ದೆ. ಸಿದ್ದವ್ವ ಬೆರಳ ತುದಿಯಿಂದ ತುಳಿಯುತ್ತಿದ್ದಳು, ಹಿಮ್ಮಡಿ ಗಾಳಿಯಲ್ಲಿತ್ತು.

"ಸಿದ್ದಕ್ಕಾ, ಕುಣಿ ಒಂದ್ ಗೇಣು ಮುಚ್ಚಿದ್ರ ಹ್ಯಾಂಗ?" ಎಂದೆ.

ಹುಚ್ಚವ್ವ ಅಡಿಗೆಮನೆಯಿಂದಲೇ ಕೇಳಿಸಿಕೊಂಡರು. "ಕೂಸಿನ ತಾಯಿ ಆಗಿ ಎಂಥಾ ಮಾತಾಡ್ತೀಯವ್ವಾ. ಕುಣಿ ಮುಚ್ಚೂದು ಯಾವಾಗ ಅಂತ ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ನಮ್ಮಲ್ಲಿ ಸತ್ತವರನ್ನು ಇಟ್ಟು ಮುಚ್ಚುವುದಕ್ಕೂ ಕುಣಿ ಎಂದೇ ಹೆಸರು. ನಾಲಿಗೆ ಕಚ್ಚಿಕೊಂಡೆ.

ಸಿದ್ದವ್ವ ಲಾಳಿ ನಿಲ್ಲಿಸಲಿಲ್ಲ. "ಮುಚ್ಚೂದು ಬ್ಯಾಡ್ರಿ ಅತ್ತಿ. ಕಾಲಿಗೆ ಒಂದು ಮಣಿ ಹಾಕೂಣು. ಉಣ್ಣಾಕ ಕೂತವ್ರಿಗೆ ಮಣಿ ಹಾಕ್ತೀವಿ, ದುಡಿಯೂ ಕಾಲಿಗೆ ಹಾಕಿದ್ರ ಏನಾತು?"

ಅತ್ತೆ ವಿಚಾರ ಮಾಡಿದರು. "ಮಣಿ ಆದ್ರ ಹಾಕ್ಕೋ."

ಮಣೆ ಎಂದು ನಾವು ಹಾಕಿದ್ದು ಹನ್ನೆರಡು ಬುಟ್ಟಿ ಸಣ್ಣ ಕಲ್ಲಿನ ಗರಸು, ಅದರ ಮೇಲೊಂದು ಹಳೇ ಬಾಗಿಲ ತುಂಡು. ತುಳಿಯುವ ಹಲಗೆಗಳನ್ನೂ ಗೇಣು ಮೇಲೆತ್ತಿ, ಹಗ್ಗ ಗಿಡ್ಡ ಮಾಡಿದೆವು. ಹುಚ್ಚವ್ವ ತಾವೇ ಎರಡು ಬುಟ್ಟಿ ಎತ್ತಿಕೊಟ್ಟರು. ಮಣ್ಣು ಎಂಬ ಶಬ್ದವನ್ನು ಯಾರೂ ಬಳಸಲಿಲ್ಲ.

ತಿಂಗಳೊಳಗೆ ಬಾವು ಇಳಿಯಿತು, ವಾರಕ್ಕೆ ಮೊದಲಿನಷ್ಟೇ ಸೀರೆ ಬರತೊಡಗಿದವು. ಶಿವನಪ್ಪ ಮಾತ್ರ ಮಗ್ಗದ ಆಸೆ ಬಿಟ್ಟಿರಲಿಲ್ಲ. ಹುಣ್ಣಿಮೆಯ ಮರುದಿನ ಬಂದು ಕೂತೇಬಿಟ್ಟ. ಅವನದೂ ಅಪ್ಪನಷ್ಟೇ ಉದ್ದದ ಕಾಲು, ಮೊಣಕಾಲು ಸೀರೆ ಸುತ್ತುವ ದಿಂಡಿಗೆ ಬಡಿಯಿತು. ಕಾಲು ಓರೆ ಮಾಡಿದ, ಹಿಂದೆ ಸರಿದ, ಮತ್ತೆ ಬಡಿಯಿತು.

"ಅವ್ವಾ, ಈ ಮಗ್ಗಕ್ಕ ಮನುಷ್ಯಾರು ಕೂಡಾಕ ಬರಂಗಿಲ್ಲ."

"ಹಂಗಾರ ಏಳು," ಎಂದರು ಹುಚ್ಚವ್ವ. "ಕೂಡಾಕಿ ನಿಂತಾಳ."