ಕೆಂಪಿಯ ಬಾಣಂತನ

ಶರಣಮ್ಮತ್ತಿ ಬಾಣಂತಿಯ ಗದ್ದ ಹಿಡಿದಳೆಂದರೆ ಮುಗಿಯಿತು. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಗಂಟಲಿಳಿಯುವ ತನಕ ಬಿಡುತ್ತಿರಲಿಲ್ಲ. ನಮ್ಮ ಅಕ್ಕ ಒಮ್ಮೆ ಅವಳ ಸೀರೆಯ ಮೇಲೆಯೇ ಉಗುಳಿದ್ದಳು. ಅತ್ತಿ ಸೆರಗು ಜಾಡಿಸಿಕೊಂಡು, “ಉಗುಳಬೇ, ನಾ ಮತ್ತ ಹುರಕೊಂಡು ಬರತೀನಿ. ನನಗೇನು ಬ್ಯಾಸರಿಲ್ಲ” ಎಂದು ಒಲೆಯ ಕಡೆ ನಡೆದಿದ್ದಳು.

ಮಸ್ಕಿಯಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿ ಅವಳ ಮನೆ. ಸಂಬಂಧದಲ್ಲಿ ಏನೂ ಅಲ್ಲ, ಆದರೆ ಓಣಿಗೆಲ್ಲ ಅತ್ತಿ. ಹೆತ್ತ ಮಕ್ಕಳು ಉಳಿದಿರಲಿಲ್ಲ. ರಜಾಕಾರರ ಗದ್ದಲದ ವರ್ಷ ಗಂಡನೂ ಜ್ವರ ಬಂದು ತೀರಿಕೊಂಡಿದ್ದ. ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ಸಬ್ಬಸಿಗೆ, ಕೊತ್ತಂಬರಿ, ಪುದೀನಾ, ಬೆಳ್ಳುಳ್ಳಿ ಬೆಳೆದುಕೊಂಡು ಓಣಿಯ ಹೆಣ್ಣುಮಕ್ಕಳ ಬಾಣಂತನ ಮಾಡುತ್ತಿದ್ದಳು. ಅವಳ ನಾಯಿ ಕೆಂಪಿ ಆ ಮಡಿಗಳ ನಡುವೆಯೇ ಮಲಗುತ್ತಿತ್ತು. ಸೊಪ್ಪು ತಿಂದೀತು, ಕಟ್ಟಿಹಾಕು ಎಂದರೆ, “ತಿನ್ಲಿ ಬಿಡ್ರಿ. ನಮಗ ಒಳ್ಳೇದಾಗಿದ್ದು ಅದಕ್ಕ್ಯಾಕ ಕೆಟ್ಟದ್ದಾಗ್ತೈತಿ?” ಎನ್ನುತ್ತಿದ್ದಳು.

ಕೆಂಪಿ ಮರಿ ಹಾಕಿದಾಗ ಅತ್ತಿ ಅದಕ್ಕೂ ಬಾಣಂತನ ಹೂಡಿದಳು. ಕೋಣೆಯ ಮೂಲೆಗೆ ಗೋಣಿಚೀಲ ಹಾಸಿ, ಬಾಗಿಲಿಗೆ ಹಳೆಯ ಸೀರೆ ಇಳಿಬಿಟ್ಟು, ಸಗಣಿ ಕುಳ್ಳಿನ ಕೆಂಡ ಇಟ್ಟಳು. ತೊಟ್ಟಿಲು ಯಾವಾಗ ಕಟ್ಟುತ್ತೀ ಎಂದು ನಾವು ಕಾಡಿಸಿದೆವು.

“ನಗ್ರಿ ನಗ್ರಿ. ಹಡಿಯೋ ಬ್ಯಾನಿ ಎಲ್ಲಾರಿಗೂ ಒಂದ.”

ಎರಡು ಹೊತ್ತೂ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ, ಸಬ್ಬಸಿಗೆ ಸೊಪ್ಪು ಬೆರೆಸಿ, ಹುರಿದ ಬೆಳ್ಳುಳ್ಳಿಯನ್ನು ಹಿಡಿಗಟ್ಟಲೆ ಹಿಸುಕಿ ಹಾಕುತ್ತಿದ್ದಳು. ಕೆಂಪಿ ಗಂಗಾಳ ನೆಕ್ಕಿ ಅವಳ ಕೈಯನ್ನೂ ನೆಕ್ಕುತ್ತಿತ್ತು. ವಾರ ಕಳೆಯುವುದರಲ್ಲಿ ಅದರ ಒಸಡು ಬೆಳ್ಳಗಾಯಿತು, ನಿಂತರೆ ಕಾಲು ನಡುಗತೊಡಗಿದವು. ಬಾಣಂತಿಯ ನಿಶ್ಶಕ್ತಿ ಎಂದುಕೊಂಡು ಅತ್ತಿ ಬೆಳ್ಳುಳ್ಳಿ ಹೆಚ್ಚಿಸಿದಳು. ಉಚ್ಚೆ ಕೆಂಪಾದಾಗ ಮಾತ್ರ ಹೆದರಿದಳು.

ನಮ್ಮ ಎತ್ತು ನೋಡಲು ಲಿಂಗಸುಗೂರಿನಿಂದ ದನದ ಡಾಕ್ಟರು ಬಂದಿದ್ದರು. ಅತ್ತಿ ಕೆಂಪಿಯನ್ನು ಎತ್ತಿಕೊಂಡೇ ಬಂದಳು. ಅವರು ಅದರ ತುಟಿ ಎತ್ತಿ ನೋಡಿ, ಏನೇನು ತಿನ್ನಿಸಿದಿರಿ ಎಂದು ಕೇಳಿದರು. ಅವಳು ಒಂದೂ ಬಿಡದೆ ಹೇಳಿದಳು.

“ಸಬ್ಬಸಗಿಂದ ಏನಾಗಂಗಿಲ್ಲ ತಾಯಿ. ಬೆಳ್ಳುಳ್ಳಿ ಕೊಡಬಾರದಾಗಿತ್ತು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿ ರಕ್ತ ಕೆಡಸ್ತಾವ.”

“ಬಾಣಂತಿಗೆ ಬೆಳ್ಳುಳ್ಳಿ ಕೊಡದ ಇರಾಕ ಬರ್ತೈತೇನ್ರಿ?”

ಮರುದಿನ ಮಧ್ಯಾಹ್ನ ಕೆಂಪಿ ಅವಳ ತೊಡೆಯ ಮೇಲೆ ಸತ್ತಿತು. ಮರಿಗಳು ಇನ್ನೂ ಮೊಲೆ ಹುಡುಕುತ್ತಿದ್ದವು.

ಮರಿಗಳನ್ನು ನಮ್ಮವ್ವ ಹಾಲುಣಿಸಿ ಬದುಕಿಸಿದಳು. ಅತ್ತಿ ಬೆಳ್ಳುಳ್ಳಿ ಮಡಿ ಕಿತ್ತುಹಾಕಿದಳು. ಬಾಣಂತಿಯರ ಮನೆಯವರು ಬಂದು ಕರೆದರೂ ಹೋಗದಾದಳು. ಕೊನೆಗೆ ಗುರುಗುಂಟಾದ ತಂಗಿಯ ಮನೆ ಸೇರಿದಳು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ, ತುಂಬಿದ ಹೊಟ್ಟೆ ಹೊತ್ತುಕೊಂಡು ನಾನೇ ಅವಳನ್ನು ಕರೆಯಲು ಹೋದೆ. ಅವಳಿಲ್ಲದ ಬಾಣಂತನ ನನಗೆ ಬೇಡವಾಗಿತ್ತು.

“ನಾಯಿ ಬ್ಯಾರೆ, ಮನುಷ್ಯಾರು ಬ್ಯಾರೆ ಅತ್ತಿ. ಬೆಳ್ಳುಳ್ಳಿಂದ ನನಗೇನಾಗಂಗಿಲ್ಲ. ಬಾ.”

ಅತ್ತಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹಿಂದೆಗೆದುಕೊಂಡಳು.

“ಗೊತ್ತೈತವ್ವ. ಆದ್ರ ಡಾಕ್ಟರು ಬರೋ ಹಿಂದಿನ ದಿನ ಕೆಂಪಿ ಒಲ್ಲೆ ಅಂತ ಮಾರಿ ಆಕಡಿ ತಿರುವಿತ್ತು. ನಾ ಕೈಯಾಗ ಹಿಡದೀನಿ ಅಂತ ಹೊಳ್ಳಿ ತಿಂತು.”