ಮೂರು ಹೆಸರಿಗೂ ಒಂದೇ ನಂಬರು

ನಮ್ಮ ದೊಡ್ಡಮ್ಮನಿಗೆ ಗಾರ್ಮೆಂಟ್ಸಿನಲ್ಲಿ ‘ನಂಬರಮ್ಮ’ ಅಂತಲೇ ಹೆಸರು. ಕತ್ತರಿಸಿ ಬಂದ ಬಟ್ಟೆಗೆ ನಂಬರು ಚೀಟಿ ಅಂಟಿಸುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಒಂದು ಅಂಗಿಯ ಕಾಲರು, ತೋಳು, ಬೆನ್ನು ಎಲ್ಲಕ್ಕೂ ಒಂದೇ ನಂಬರು. ತಪ್ಪಿದರೆ ಒಂದೇ ಅಂಗಿಗೆ ಎರಡು ಬಣ್ಣ. ನನ್ನನ್ನು ಹೊಲಿಗೆ ಮಿಷನ್ನಿಗೆ ಕೂರಿಸಿದವಳೂ ಅವಳೇ. ಸಿಟ್ಟು ಸದಾ ಮೂಗಿನ ತುದಿಯಲ್ಲಿ.

ಕಾರ್ಮಿಕರ ಸಂಘಕ್ಕೆ ಕಳೆದ ಎರಡು ಸಲವೂ ಸೂಪರ್‌ವೈಸರನ ಭಾವಮೈದುನನೇ ಅಧ್ಯಕ್ಷ. ಅವನ ಕಾಲದಲ್ಲೇ ಟೋಕನ್ ಬಂದಿದ್ದು. ನಲವತ್ತು ಜನಕ್ಕೆ ಒಂದು ಟೋಕನ್. ಅದು ಕೈಗೆ ಬರುವವರೆಗೆ ಶೌಚಕ್ಕೆ ಹೋಗುವಂತಿಲ್ಲ, ಹೊಟ್ಟೆ ಹಿಡಿದುಕೊಂಡು ಹೊಲಿಯಬೇಕು. ಅದನ್ನು ಕಿತ್ತುಹಾಕಿಸಬೇಕೆಂದು ದೊಡ್ಡಮ್ಮನ ಹಟ. ಆದರೆ ಕಟಿಂಗ್, ಹೊಲಿಗೆ, ಇಸ್ತ್ರಿ ಎಂಬ ನಮ್ಮ ಮೂರು ಬಣಗಳದ್ದು ಎಣ್ಣೆ ಸೀಗೆಕಾಯಿ ಸಂಬಂಧ. ನಾವು ಓಟು ಹಂಚಿಕೊಂಡು ಕಚ್ಚಾಡಿದೆವು, ಅವನು ಗೆದ್ದ.

ಈ ಸಲ ಹೊಸ ಪದ್ಧತಿ. ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯಬೇಕು. ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಚೀಟಿಗಳಲ್ಲಿ ಮುಂದಿನ ನಂಬರು ಯಾರಿಗಿದೆಯೋ ಅವರಿಗೆ ಆ ಓಟು ಕೊಡುತ್ತಾರೆ. ದೊಡ್ಡಮ್ಮ ಮೂರೂ ಬಣಗಳನ್ನು ಒಂದುಗೂಡಿಸಿದಳು. ಹೊಲಿಗೆಯಿಂದ ಅವಳೇ ನಿಂತಳು, ಕಟಿಂಗಿನಿಂದ ಒಬ್ಬ, ಇಸ್ತ್ರಿಯಿಂದ ಒಬ್ಬಾಕೆ. “ನಾವು ಮೂವರೂ ಒಂದೇ ಅಂಗಿಯ ತುಂಡುಗಳು ಕಣ್ರೇ,” ಅಂದಳು.

ಅಲ್ಲೇ ಎಡವಟ್ಟಾಯಿತು. ಒಂದೇ ಅಂಗಿ ಅಂದಮೇಲೆ ಒಂದೇ ನಂಬರು ತಾನೆ! ನಮ್ಮವರು ಮೂರು ಹೆಸರಿಗೂ ‘1’ ಬರೆದರು. ನಾನೂ ಹಾಗೇ ಬರೆದೆ.

ಎಣಿಸಲು ಬಂದಿದ್ದ ನಿವೃತ್ತ ಗುಮಾಸ್ತ ನೂರೆಪ್ಪತ್ತು ಚೀಟಿ ಪಕ್ಕಕ್ಕೆಸೆದ. “ಇವೆಲ್ಲ ಅಸಿಂಧು.” ಭಾವಮೈದುನ ಆಗಲೇ ಮೀಸೆ ತಿರುವುತ್ತಿದ್ದ.

ದೊಡ್ಡಮ್ಮ ಮೇಜಿಗೆ ಅಡ್ಡ ನಿಂತಳು. “ನಿಯಮದ ಹಾಳೆ ಓದಿ ಸ್ವಾಮಿ. ಒಂದೇ ನಂಬರು ಎರಡು ಸಲ ಬರೀಬಾರ್ದು ಅಂತ ಎಲ್ಲಿದೆ?”

ಗುಮಾಸ್ತ ಎರಡು ಸಲ ಓದಿದ. ಇರಲಿಲ್ಲ. “ಆದ್ರೆ ಇದನ್ನ ಎಣಿಸೋದು ಹೇಗಮ್ಮ?”

“ನಿಮಗೆ ಎಣಿಸೋಕೆ ಬರದಿದ್ರೆ ನಮ್ಮ ಓಟು ಕಸಾನಾ? ಇನ್ನೊಂದ್ಸಲ ಹಾಕಿಸಿ. ಅಲ್ಲೀವರೆಗೂ ಒಂದು ಮಿಷನ್ನೂ ತಿರುಗಲ್ಲ.”

ಎಲ್ಲರೂ ಎದ್ದು ನಿಂತೆವು.

ಸೂಪರ್‌ವೈಸರ್ ನಗುನಗುತ್ತಲೇ ಒಪ್ಪಿದ. “ಯಾರು ಮೊದಲು ಅಂತ ಬರೀಬೇಕಾದ್ರೆ ತಮ್ತಮ್ಮಲ್ಲೇ ಜುಟ್ಟು ಹಿಡ್ಕೋತಾರೆ, ನೋಡ್ತಿರಿ.” ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಊಟದ ಹೊತ್ತಿಗೇ ಕಟಿಂಗಿನವರೂ ಇಸ್ತ್ರಿಯವರೂ ಗುರ್ ಎನ್ನತೊಡಗಿದ್ದರು. ದೊಡ್ಡಮ್ಮ ಡಬ್ಬಿ ಮುಚ್ಚಿ ಎದ್ದಳು.

“ನಿಮ್ಮ ನಿಮ್ಮ ಬಣಕ್ಕೇ ಒಂದು ಹಾಕ್ಕೊಳ್ಳಿ, ನನ್ನದೇನೂ ತಕರಾರಿಲ್ಲ. ಎರಡು, ಮೂರು ನಮ್ಮಲ್ಲೇ ಇರ್ಲಿ. ಆ ನಾಲ್ಕನೇ ಹೆಸರಿಗೆ ಮಾತ್ರ ಪೆನ್ನು ತಾಗಬಾರ್ದು.”

ಮಾರನೆಯ ದಿನ ಮೊದಲ ಸುತ್ತಿನಲ್ಲಿ ಭಾವಮೈದುನನೇ ಮುಂದಿದ್ದ, ಆದರೆ ಅರ್ಧ ಮುಟ್ಟಲಿಲ್ಲ. ಎಲ್ಲರಿಗಿಂತ ಕೊನೆ ದೊಡ್ಡಮ್ಮ. ಅವಳ ಹೆಸರು ಹೊಡೆದುಹಾಕಿದಾಗ ನನಗೆ ಅಳುವೇ ಬಂತು. ಅವಳ ಓಟು ಉಳಿದಿಬ್ಬರಿಗೆ ಹೋಯಿತು. ಆಮೇಲೆ ಕಟಿಂಗಿನವನು ಬಿದ್ದ, ಅವನ ಕಟ್ಟು ಪೂರ್ತಿ ಇಸ್ತ್ರಿಯಾಕೆಗೆ ಬಂತು. ಒಂದು ಓಟೂ ಆಚೆ ಹೋಗಲಿಲ್ಲ. ಇನ್ನೂರ ಮೂವತ್ತಕ್ಕೆ ನೂರೆಪ್ಪತ್ತು, ಇಸ್ತ್ರಿಯಾಕೆ ಅಧ್ಯಕ್ಷೆ.

“ಏನ್ ನಂಬರಮ್ಮ, ನಿಮ್ಮದೇ ಕೊನೇ ನಂಬರು ಆಯ್ತಲ್ಲ?” ಸೂಪರ್‌ವೈಸರ್ ಚುಚ್ಚಿದ.

ದೊಡ್ಡಮ್ಮ ಗೋಡೆಯ ಮೊಳೆಯಲ್ಲಿದ್ದ ಟೋಕನ್ ತೆಗೆದು ಅವನ ಕೈಗಿಟ್ಟಳು. “ಇನ್ಮೇಲೆ ಇದು ನಿಮಗೆ. ಹೋಗೋವಾಗ ನಮ್ಮನ್ನ ಕೇಳಿ ಹೋಗಿ,” ಅಂದು, ಯಾರನ್ನೂ ಕೇಳದೆ ಶೌಚಾಲಯದ ಕಡೆ ನಡೆದಳು.